ಗುಂಡ್ಲುಪೇಟೆಯಲ್ಲಿ ನನ್ನ ಒಂದು ವೋಟು

ಬಾಡಿಗೆ ಎಷ್ಟೆಂದು ನಾನು ಕೇಳುವ ಮೊದಲೇ ಮನೆ ಮಾಲೀಕರು ನನ್ನನ್ನು ಕೇಳಿದರು: "ನಿನ್ ವೋಟು ಯಾವೂರಲ್ಲಿ ಅದವ್ವ?"

ಜಾತಿ ಕೇಳಬಹುದು, ಮದುವೆ ಯಾಕಾಗಿಲ್ಲ ಎನ್ನಬಹುದು, ಬಾಡು ಬೇಯಿಸುತ್ತೀಯಾ ಎನ್ನಬಹುದು ಎಂದು ಎಲ್ಲದಕ್ಕೂ ಉತ್ತರ ಹೊಂದಿಸಿಕೊಂಡು ಹೋಗಿದ್ದೆ. ಇದೊಂದಕ್ಕೆ ಮಾತ್ರ ಸಿದ್ಧಳಿರಲಿಲ್ಲ. "ಮುದ್ದೇಬಿಹಾಳದ ಕಡೆ ನಮ್ಮ ಹಳ್ಳ್ಯಾಗ ಐತ್ರಿ" ಎಂದೆ.

"ಅಷ್ಟು ದೂರದಲ್ಲಿದ್ದು ಏನ್ ಮಾಡದು? ಇಲ್ಗೇ ತರುಸ್ಬುಡನ" ಎಂದು ಗುರುಮಲ್ಲಪ್ಪನವರು ಬೀಗದ ಕೈ ಕೊಟ್ಟರು.

ನಮ್ಮ ಕಡೆಯ ಅನೇಕರಂತೆ ನಾನೂ ಪರೀಕ್ಷೆ ಬರೆದು ಸರ್ಕಾರಿ ಬಸ್ಸಿನ ಕಂಡಕ್ಟರ್ ಆದವಳು. ಡಿಪೋ ಎಲ್ಲಿ ಸಿಗುತ್ತದೆ ಎನ್ನುವುದು ನಮ್ಮ ಕೈಯಲ್ಲಿಲ್ಲ. ನನಗೆ ರಾಜ್ಯದ ಈ ತುದಿಯ ಗುಂಡ್ಲುಪೇಟೆ ಬಂತು. ದಿನವೂ ಅಲ್ಲಿಂದ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋಗುವುದು, ಬರುವುದು. ನಮ್ಮಲ್ಲಿ ಕಣ್ಣು ಹಾಯುವಷ್ಟೂ ಕಪ್ಪು ಎರೆಮಣ್ಣು. ಇಲ್ಲಿ ಕೆಂಪು ನೆಲ, ಚೆಂಡು ಹೂವಿನ ಹೊಲ, ಸಣ್ಣ ಈರುಳ್ಳಿ, ಅರಿಶಿನ. ತರಕಾರಿ ಕೊಳ್ಳಲು ಕೇರಳದವರು ಬಂದರೆ ಮಾರುಕಟ್ಟೆಯೆಲ್ಲ ಮಲಯಾಳಕ್ಕೆ ತಿರುಗುತ್ತದೆ. ಅರ್ಧ ದಿನ ನನಗೆ ಯಾವ ರಾಜ್ಯದಲ್ಲಿದ್ದೇನೆ ಎನ್ನುವುದೇ ತಿಳಿಯುತ್ತಿರಲಿಲ್ಲ.

ಕನ್ನಡದವಳಾಗಿ ಕನ್ನಡಕ್ಕೇ ತಡವರಿಸಿದೆ. ಅಂಗಡಿಯಲ್ಲಿ ಜೋಳದ ಹಿಟ್ಟು ಕೇಳಿದರೆ ಮೆಕ್ಕೆಜೋಳದ್ದು ಕೊಟ್ಟರು. ರೊಟ್ಟಿ ತಟ್ಟಲು ಹೋದರೆ ಅದು ಮುರಿದು ಬಿತ್ತು, ನಾನು ಅಳುತ್ತಾ ಕೂತೆ. ಆಗ ಬಂದವರು ಮಾಲೀಕರ ಹೆಂಡತಿ ಗೌರಮ್ಮ. ತಟ್ಟೆಯಲ್ಲಿ ಮುದ್ದೆ ಮತ್ತು ಉಪ್ಸಾರು. ಸೊಪ್ಪು ಕಾಳು ಬೇಯಿಸಿದ ನೀರಿಗೆ ಉಪ್ಪು ಹಾಕಿ, ಅರೆದ ಖಾರವನ್ನು ಪಕ್ಕಕ್ಕೆ ಇಡುವುದು ಇಲ್ಲಿನ ಪದ್ಧತಿ. "ಅಗೀಬ್ಯಾಡ, ನುಂಗು ಕಣಮ್ಮಿ" ಎಂದರು. ಆ ತಿಂಗಳ ಕೊನೆಗೆ ನಾನು ನುಂಗುವುದನ್ನು ಕಲಿತೆ, ಊರಿಂದ ತರಿಸಿದ ಬಿಳಿಜೋಳದಲ್ಲಿ ಅವರು ರೊಟ್ಟಿ ತಟ್ಟುವುದನ್ನು ಕಲಿತರು. ಅವರ ರೊಟ್ಟಿ ಮಾತ್ರ ಕೊನೆಗೂ ದುಂಡಗಾಗಲಿಲ್ಲ.

ಗುರುಮಲ್ಲಪ್ಪನವರಿಗೆ ಅರಿಶಿನದ ವ್ಯಾಪಾರವಿತ್ತು, ಆದರೆ ಜೀವವೆಲ್ಲ ಚುನಾವಣೆಯಲ್ಲಿ. ಚಿಕ್ಕ ವಯಸ್ಸಿನಿಂದ ಒಂದೇ ಪಕ್ಷದ ಬೂತ್ ಏಜೆಂಟ್. ಎಷ್ಟೋ ಚುನಾವಣೆಗಳಲ್ಲಿ ಈ ಊರಿನ ಯಾವ ಬೂತು ಯಾರಿಗೆ ಲೀಡು ಕೊಟ್ಟಿತು, ಅಂದರೆ ಯಾರನ್ನು ಮುಂದಿಟ್ಟಿತು ಎನ್ನುವುದನ್ನು ಹಾಳೆಗಳಲ್ಲಿ ಬರೆದು ಟ್ರಂಕಿನಲ್ಲಿ ಇಟ್ಟಿದ್ದರು. ಭಾನುವಾರ ನನ್ನ ಮುಂದೆ ಅವನ್ನು ಹರಡುತ್ತಿದ್ದರು.

"ಮೊದ್ಲು ದೊಡ್ಡೋರು ಒಂದ್ ಮಾತು ಅಂದ್ರೆ ಇಡೀ ಬೀದಿ ಒಂದೇ ಗುರ್ತು. ಆಮೇಲೆ ನಾಯಕ್ರು ಪಕ್ಷ ಬುಟ್ರೆ ವೋಟೂ ಅವ್ರ ಹಿಂದೆ ಓಯ್ತಿತ್ತು. ಈಗ ನೋಡು, ಡೆಲ್ಲಿಗೆ ಒಂದು, ಬೆಂಗ್ಳೂರ್ಗೆ ಒಂದು, ವಾರ್ಡ್‌ಗೆ ಇನ್ನೊಂದು. ಒಂದೇ ಮನೇಲಿ ಎತ್ತು ಏರಿಗೆಳುದ್ರೆ ಕೋಣ ನೀರಿಗೆಳೀತದ."

"ಯಾರ ಮನ್ಯಾಗ ಏನು ಅಂತ ನಿಮಗ ಹ್ಯಾಂಗ ಗೊತ್ತಾಗತೈತ್ರಿ?"

"ಮಿಷನ್ ಬಂದ್ಮೇಲೆ ಬೂತಿಂದ್ ಬೂತಿಗೇ ಗೊತ್ತಾಯ್ತದ. ಮಿಕ್ಕಿದ್ದು ಮೊಕ ನೋಡಿದ್ರೆ ಸಾಕು" ಎಂದರು.

ಮತದಾರರ ಪಟ್ಟಿಯಲ್ಲಿ ಅವರದು ಮೂರೇ ಗುರುತು. ನಮ್ಮವರಿಗೆ ಟಿಕ್ಕು, ಎದುರಿನವರಿಗೆ ಇಂಟು, ಗೊತ್ತಾಗದವರಿಗೆ 'ಡೌಟು'. ನಮ್ಮೂರಲ್ಲಿ ವೋಟಿನ ಜಗಳವೆಂದರೆ ಕಟ್ಟೆಯ ಮೇಲೆ ಕೂಗಾಡಿ, ಚಹಾ ಕುಡಿದು ಮುಗಿಸುವುದು. ಇಲ್ಲಿ ಯಾರೂ ಕೂಗುವುದಿಲ್ಲ. ಸುಮ್ಮನೆ ಗುರುತು ಹಾಕುತ್ತಾರೆ.

ಪುರಸಭೆ ಚುನಾವಣೆಗೆ ಮುಂಚೆ ನನ್ನ ಹೆಸರನ್ನು ಇಲ್ಲಿಗೆ ವರ್ಗಾಯಿಸಲು ಅವರೇ ಅರ್ಜಿ ತುಂಬಿಸಿದರು. ಊರಿನ ಪಟ್ಟಿಯಿಂದ ಹೆಸರು ಹೋದದ್ದು ಅಪ್ಪನಿಗೆ ತಿಳಿದು ಫೋನ್ ಮಾಡಿದ. "ಅಂದ್ರ ನೀ ಇನ್ನ ನಮ್ಮೂರಾಕಿ ಅಲ್ಲೇನವ್ವ?" ಎಂದು ಕೇಳಿದ. ಬರೀ ಕಾಗದ ಅದು ಅಪ್ಪಾ ಎಂದೆ. ಬರೀ ಕಾಗದವೆಂದು ನನಗೂ ಅನಿಸಿರಲಿಲ್ಲ.

ನಮ್ಮ ವಾರ್ಡಿಗೆ ನಿಂತವನು ಗುರುಮಲ್ಲಪ್ಪನವರ ತಮ್ಮನ ಮಗ ಪ್ರಭು. ಎದುರಿಗೆ ಹಿಂದಿನ ಬೀದಿಯ ಕೂಲಿಯವರ ಮಗಳು, ಟೈಲರ್ ರಾಜಮ್ಮ. ಮನೆ ಕೊಟ್ಟವರ ಋಣವೆಂದು ನಾನು ಪ್ರಭುವಿಗೇ ಒತ್ತಿದೆ. ಅವನು ಒಂದೇ ಒಂದು ವೋಟಿನಲ್ಲಿ ಸೋತ.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಿದ್ದ ಗೌರಮ್ಮನ ಕೈ ನಿಂತಿತು.

"ಕೂಸು, ಯಾರ್ಗೂ ಹೇಳ್ಬ್ಯಾಡ. ನಾನು ರಾಜಮ್ಮಂಗೆ ಹಾಕ್ಬುಟ್ಟೆ."

ನಾನು ಸೊಪ್ಪನ್ನು ಪಕ್ಕಕ್ಕೆ ಸರಿಸಿ ಅವರ ಕಡೆ ತಿರುಗಿದೆ.

"ಪ್ರಭು ಮೂರು ಸಲ ಬಂದ. ದೊಡ್ಡಪ್ಪನ ಕಾಲು ಮುಟ್ದ, ನಾ ಬಡ್ಸಿದ್ದ ಉಂಡ, ಎದ್ದೋದ. ದೊಡ್ಡಮ್ಮ, ವೋಟ್ ಹಾಕಿ ಅಂತ ಒಂದ್ ಸಲನೂ ಅನ್ನನಿಲ್ಲ. ಅವ್ಳು ಬಂದು ಇದೇ ಮೆಟ್ಲಲ್ಲಿ ಕೂತು, ಅಕ್ಕಾ, ನಿಮ್ ವೋಟು ನಂಗೆ ಕೊಡಿ ಅಂದ್ಳು. ಮದ್ವೆಯಾಗಿ ಬಂದಾಗಿಂದ ಇವ್ರು ಹೇಳಿದ್ ಗುರ್ತಿಗೇ ಒತ್ತಿವ್ನಿ. ನನ್ನ ಕೇಳ್ದೋಳು ಅವ್ಳೊಬ್ಳೆಯ."

ಅದೇ ಸಂಜೆ ಗುರುಮಲ್ಲಪ್ಪನವರು ಪಟ್ಟಿ ಹಿಡಿದು ನನ್ನ ಬಾಗಿಲಿಗೆ ಬಂದರು. ಡೌಟಿನವರನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಿಸಿ ಬಗೆಹರಿಸಿಕೊಂಡಿದ್ದರು. ಉಳಿದವಳು ನಾನೊಬ್ಬಳು. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಇಡೀ ಬೀದಿಯನ್ನು ಎಣಿಸಿದವರು ಹೆಂಡತಿಯ ಹೆಸರಿನ ಮುಂದೆ ಟಿಕ್ಕು ಹಾಕಿ ಮುಂದೆ ಹೋಗಿದ್ದರು.

"ಉಂಡ ಮನೆ ಅಲ್ವೇನವ್ವ ಇದು? ದಿಟ ಹೇಳ್ಬುಡು. ನೀನೇ ತಾನೆ?"

ಅವರ ಹಿಂದೆ ಗೌರಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ಹೌದ್ರಿ ಯಜಮಾನ್ರ, ನಾನ ಹಾಕಿದ್ದು" ಎಂದೆ.

ಇದನ್ನು ದೊಡ್ಡತನವೆಂದು ಓದಬೇಡಿ. ಅವರು ಹಾಗೆ ಕೇಳಿದ ರೀತಿಗೆ ನನಗೆ ಮೈಯೆಲ್ಲ ಉರಿದಿತ್ತು, ಒಂದು ಕ್ಷಣ ನಿಜ ಹೇಳಿ ಅವರ ಹಾಳೆಗಳನ್ನು ಮುಖಕ್ಕೆ ಎಸೆಯಬೇಕೆನಿಸಿತ್ತು. ಆದರೆ ನನಗಾದರೆ ಇನ್ನೊಂದು ಬಾಡಿಗೆ ಮನೆ ಸಿಗುತ್ತದೆ. ಗೌರಮ್ಮನಿಗೆ ಇನ್ನೊಂದು ಮನೆ ಎಲ್ಲಿ ಸಿಗುತ್ತದೆ? ಅಷ್ಟೇ ಹೊಳೆದದ್ದು.

ಗುರುಮಲ್ಲಪ್ಪನವರು ಬೈಯಲಿಲ್ಲ. "ಬೇರೆ ಮನೆ ನೋಡ್ಕೊ" ಎಂದು ಹೋದರು. ನಮ್ಮ ಕಡೆಯಾಗಿದ್ದರೆ ಹತ್ತು ಜನರ ಮುಂದೆ ಜಗಳವಾಗಿ ವಾರದಲ್ಲಿ ಮರೆಯುತ್ತಿತ್ತು. ಇಲ್ಲಿ ಅವತ್ತಿನಿಂದ ಬೀದಿಯ ಯಾರೂ ನನ್ನೊಂದಿಗೆ ಮಾತಾಡಲಿಲ್ಲ. ಆ ಮೌನವನ್ನು ತಾಳಲಾರದೆ ಚಾಮರಾಜನಗರದಲ್ಲಿ, ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ರೂಮು ಹಿಡಿದೆ. ಬಸ್ಸು ಅದೇ, ದಾರಿಯೂ ಅದೇ. ದಾರಿಯಲ್ಲಿ ಹತ್ತಿದ ಉಡಿಗಾಲದವರೊಬ್ಬರು ಹಿಂದಿನ ಸೀಟಿನಲ್ಲಿ, "ಪ್ರಭುನ ಸೋಲ್ಸಿದ್ ಕಂಡಕ್ಟರಮ್ಮ ಇವ್ಳೇ ಕಣ್ಲಾ" ಎಂದು ತೋರಿಸಿದರು. ಕೇಳಿಸದವಳಂತೆ ಟಿಕೆಟ್ ಹರಿದೆ.

ಹೋದ ತಿಂಗಳು ಗುಂಡ್ಲುಪೇಟೆ ನಿಲ್ದಾಣದಲ್ಲಿ ಗೌರಮ್ಮ ಒಬ್ಬರೇ ಬಸ್ಸು ಹತ್ತಿದರು. ಒಂಟಿಯಾಗಿ ಅವರು ಬಸ್ಸು ಹತ್ತಿದ್ದನ್ನು ನಾನು ಕಂಡಿರಲಿಲ್ಲ. ಹೆಂಗಸರಿಗೆ ಟಿಕೆಟ್ ಉಚಿತವಾದರೂ ಆಧಾರ್ ನೋಡಬೇಕು. ಎಲ್ಲರನ್ನೂ ಕೇಳುವಂತೆಯೇ ಕೇಳಿದೆ, "ಎಲ್ಲಿಗ್ರಿ?"

"ನಿನ್ ತಾವ್ಕೇ ಕಣಮ್ಮಿ."

ಜನ ಇಳಿದು ಬಸ್ಸು ಹಗುರಾದ ಮೇಲೆ ಅವರ ಪಕ್ಕ ಕೂತೆ.

"ಅವ್ರಿಗೆ ಹೇಳ್ಬುಟ್ಟೆ" ಎಂದರು. "ನೀನು ಇಲ್ಲಿಲ್ಲ, ಪಟ್ಟಿಯಿಂದ ನಿನ್ ಹೆಸ್ರು ಕೀಳ್ಸಬೇಕು ಅಂತ ಅರ್ಜಿ ಬರೀತಾ ಕೂತಿದ್ರು. ನೋಡಕ್ಕಾಗ್ನಿಲ್ಲ. ಹಾಕಿದ್ದು ನಾನು, ಕೀಳ್ಸದಾದ್ರೆ ನನ್ನೆಸ್ರು ಕೀಳ್ಸಿ ಅಂದೆ."

"ಏನಂದ್ರು?"

"ಎರಡ್ ದಿನ ಉಣ್ಣನಿಲ್ಲ. ಮೂರ್ನೇ ದಿನ ಅರ್ಜಿ ಹರ್ದಾಕುದ್ರು. ಯಾಕೆ ಹಾಕ್ದೆ ಅಂತ ಇನ್ನೂ ಕೇಳಿಲ್ಲ. ಕೇಳ್ತಾರೆ." ನನ್ನ ಕೈ ಹಿಡಿದುಕೊಂಡರು. "ನೀನು ಹೆಸ್ರು ತೆಗ್ಸಬ್ಯಾಡ ಕೂಸು. ಮುಂದ್ಲ ಸಲ ವೋಟ್ ಹಾಕಕ್ಕೆ ಬಾ. ಇಬ್ರೂ ಜೊತೇಲಿ ಓಗನ."

ಕಾಯಿದೆ ಪ್ರಕಾರ ಹೆಸರು ಇರಬೇಕಾದದ್ದು ನಾನೀಗ ಮಲಗುವ ಚಾಮರಾಜನಗರದಲ್ಲಿ. ಊರಲ್ಲಿ ಅಪ್ಪ ನನ್ನನ್ನು ಮತ್ತೆ ಪಟ್ಟಿಗೆ ಸೇರಿಸುವ ಅರ್ಜಿ ತುಂಬಿ, ಸಹಿಗೆಂದು ಅಂಚೆಯಲ್ಲಿ ಕಳಿಸಿದ್ದಾನೆ. ಬ್ಯಾಗಿನಲ್ಲೇ ಇದೆ. ಅದರ ಬಗ್ಗೆ ಗೌರಮ್ಮನಿಗೆ ನಾನು ಏನೂ ಹೇಳಲಿಲ್ಲ. ಚಾಮರಾಜನಗರ ಬಂತು, ಅವರನ್ನು ಕೈಹಿಡಿದು ಇಳಿಸುತ್ತಾ "ವೋಟ್ ಹಾಕಾಕ ಬರ್ತೀನ್ರಿ" ಎಂದುಬಿಟ್ಟೆ.

ಅಪ್ಪನಿಗೆ ಇದನ್ನಿನ್ನೂ ಹೇಳಿಲ್ಲ.