ಅಂಗಳದಲ್ಲಿ ಬಿದ್ದಿದ್ದ ಮಾವಿನ ಮರ

ಅಮ್ಮ ತೀರಿಕೊಂಡದ್ದು ಮಣಿಪಾಲದ ಆಸ್ಪತ್ರೆಯಲ್ಲಿ, ಬೆಳಗಿನ ಕಾಫಿ ಬರುವ ಹೊತ್ತಿಗೆ. ಒಬ್ಬನೇ ಮಗ, ನನ್ನ ತಮ್ಮ, ಗಲ್ಫಿನಲ್ಲಿದ್ದ. ನಮ್ಮ ಕಡೆ ಇದಕ್ಕೆ ಯಾರೂ ಗಾಬರಿಯಾಗುವುದಿಲ್ಲ. ಮಗ ಬರುವ ತನಕ ಶವಾಗಾರದ ತಣ್ಣನೆಯ ಪೆಟ್ಟಿಗೆಯಲ್ಲಿ ಇಡುತ್ತಾರೆ. ಅವನು ವಿಮಾನ ಇಳಿದು ನೇರ ಬಂದು ಬೆಂಕಿ ಇಡುತ್ತಾನೆ. "ಟಿಕೆಟ್ ಸಿಕ್ಕಿತು ಅಕ್ಕ, ನಾಳೆ ಬರ್ತೇನೆ," ಎಂದು ತಮ್ಮ ಫೋನಿನಲ್ಲಿ ಅಳುತ್ತ ಹೇಳಿದ.

ಅಷ್ಟು ಕೇಳಿದ್ದೇ ತಡ, ಸೋದರಮಾವ ಕಾಪುವಿನ ನಮ್ಮ ಮನೆಯ ಅಂಗಳದಂಚಿನ ಮಾವಿನ ಮರ ಕಡಿಸಿಬಿಟ್ಟರು. ಚಿತೆಗೆ ಮನೆಯದೇ ಮಾವಿನ ಮರ ಆಗಬೇಕು, ಅದು ಹಿಂದಿನಿಂದ ಬಂದ ಕ್ರಮ. ಆದರೆ ಮಾವನಿಗೆ ಎಲ್ಲದರಲ್ಲೂ ಅವಸರ. ಕೊಂಬೆಗಳಲ್ಲಿ ಇನ್ನೂ ಮಿಡಿಗಳಿದ್ದವು. ಪ್ರತಿ ವರ್ಷ ಅಮ್ಮ ಅವನ್ನು ಉಪ್ಪಿನಕಾಯಿ ಹಾಕಿ ತಮ್ಮನಿಗೆ ಕಳಿಸುತ್ತಿದ್ದಳು.

ಮರ ಬಿದ್ದ ಸಂಜೆಯೇ ವಿಮಾನಗಳು ನಿಂತವು. ತಮ್ಮನಿದ್ದ ಊರಿನ ಪಕ್ಕದ ದೇಶದ ಮೇಲೆ ಸೇನೆ ಕಳಿಸಲು ಒಪ್ಪಿಗೆ ಕೊಡಬೇಕೇ ಬೇಡವೇ ಎಂದು ದೂರದ ಒಂದು ದೊಡ್ಡ ದೇಶದ ಸಂಸತ್ತಿನಲ್ಲಿ ಚರ್ಚೆ ಶುರುವಾಗಿತ್ತು. ಅದು ತೀರ್ಮಾನವಾಗದೆ ಆ ಆಕಾಶದಲ್ಲಿ ಹಾರುವ ಧೈರ್ಯ ಯಾರಿಗೂ ಇರಲಿಲ್ಲ.

ನಾನು ಕಾರ್ಕಳದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುವವಳು. ಯುದ್ಧದ ತೀರ್ಮಾನವನ್ನು ಒಬ್ಬನ ಕೈಗೆ ಕೊಡಬಾರದು, ಸದನದಲ್ಲಿ ಎಲ್ಲರ ಮಾತೂ ಕೇಳಬೇಕು ಎಂದು ಪ್ರತಿ ವರ್ಷ ಗಂಟಲು ಹರಿದುಕೊಳ್ಳುತ್ತೇನೆ. ಈಗಲೂ ಅದನ್ನೇ ನಂಬುತ್ತೇನೆ. ಆದರೆ ಅಮ್ಮ ಪೆಟ್ಟಿಗೆಯಲ್ಲಿರುವಾಗ ಆ ಸದಸ್ಯರು ಒಬ್ಬೊಬ್ಬರಾಗಿ ಎದ್ದು, ಕನ್ನಡಕ ಸರಿಮಾಡಿಕೊಂಡು, ನೀರು ಕುಡಿದು ಮಾತಾಡುವುದನ್ನು ಟಿವಿಯಲ್ಲಿ ನೋಡಿದರೆ ಮೈ ಉರಿಯುತ್ತಿತ್ತು.

ಅಂಗಳದಲ್ಲಿ ನಮ್ಮದೇ ಇನ್ನೊಂದು ಸಂಸತ್ತು. ಸಮಾಧಾನ ಹೇಳಲು ಬಂದವರೆಲ್ಲ ಕಡಿದ ಮರದ ಮೇಲೆ ಕೂತು ತೀರ್ಪು ಕೊಡುತ್ತಿದ್ದರು.

"ಒಂದು ಸಲ ಸರಿಯಾಗಿ ಕೊಡ್ಬೇಕು ಮಾರಾಯ. ಮತ್ತೆ ಬಾಲ ಬಿಚ್ಚುದಿಲ್ಲ," ಎಂದರು ಪರ್ಕಳದಿಂದ ಬಂದ ಚಿಕ್ಕಪ್ಪ.

"ಅಲ್ಲಿ ಪಕ್ಕದಲ್ಲಿ ಇರುವುದು ನಮ್ಮ ಹುಡುಗರೇ ಅಲ್ವಾ? ಅವರ ಗತಿ ಎಂತ?" ಎಂದರು ಮಾವ.

"ಯಾವುದಾದ್ರೂ ಒಂದು ಆಗ್ಲಿ, ಬೇಗ ಆಗ್ಲಿ!" ಎಂದು ನಾನು ಒಳಗಿನಿಂದ ಕಿರುಚಿದೆ. ಸೇನೆ ಹೋಗಲಿರುವ ಆ ದೇಶದಲ್ಲೂ ಎಷ್ಟೋ ಅಮ್ಮಂದಿರು ಇರುತ್ತಾರೆ ಎಂದು ಹೊಳೆಯದೆ ಇರಲಿಲ್ಲ. ಹೊಳೆದರೂ ನನಗೆ ಬೇಕಾಗಿದ್ದದ್ದು ಒಂದು ವಿಮಾನ ಮಾತ್ರ.

ಆ ದೂರದ ಸಂಸತ್ತಿನಲ್ಲಿ ಮತ ಹಾಕಿದರು. ಒಪ್ಪಿಗೆ ಸಿಕ್ಕಿತು. ತಮ್ಮನಿದ್ದ ಊರಿನ ವಿಮಾನ ನಿಲ್ದಾಣಕ್ಕೇ ಬೀಗ ಬಿತ್ತು.

"ಇನ್ನು ಕಾಯ್ಬೇಡ ಅಕ್ಕ," ಎಂದ ತಮ್ಮ ಫೋನಿನಲ್ಲಿ. "ಅಮ್ಮನಿಗೆ ಚಳಿ ಆಗಿಬರುದಿಲ್ಲ, ನಿನಗೆ ಗೊತ್ತುಂಟಲ್ಲ. ಬೆಂಕಿ ನೀನೇ ಇಡು."

ಅಮ್ಮನನ್ನು ಮನೆಗೆ ತಂದು, ಹಿತ್ತಿಲಲ್ಲಿ ಆ ಮಾವಿನ ಕಟ್ಟಿಗೆಯ ಚಿತೆ ಒಟ್ಟಿದೆವು. ಯುದ್ಧ ಬೇಕೆಂದಿದ್ದ ಚಿಕ್ಕಪ್ಪನೇ ತಮ್ಮನಿಗೆ ವಿಡಿಯೋ ಕಾಲ್ ಮಾಡಿ, ಎಲ್ಲ ಕಾಣುವಂತೆ ಫೋನ್ ಹಿಡಿದು ನಿಂತರು. ನಾನು ನೀರಿನ ಮಡಕೆ ಹೆಗಲಿಗೇರಿಸಿ ಚಿತೆಗೆ ಮೂರು ಸುತ್ತು ಬರಲು ಹೊರಟೆ.

"ನಿಲ್ಲು ಅಕ್ಕ, ನಾನೂ ಬರ್ತೇನೆ," ಎಂದ ತಮ್ಮ. ತನ್ನ ಕೋಣೆಯ ನಡುವೆ ಕುರ್ಚಿಯೊಂದರ ಮೇಲೆ ಅಮ್ಮನ ಫೋಟೋ ಇಟ್ಟಿದ್ದ. ಹೆಗಲ ಮೇಲೆ ನೀರಿನ ಬಾಟಲಿ. ಇಲ್ಲಿ ನಾನು, ಅಲ್ಲಿ ಅವನು, ಎರಡು ಸುತ್ತು ಒಟ್ಟಿಗೇ ಬಂದೆವು. ಅಷ್ಟರಲ್ಲಿ ಅಲ್ಲಿ ಸೈರನ್ ಕೂಗಿತು. ಯಾರೋ ಅವನ ತೋಳು ಹಿಡಿದು ಎಳೆದರು, ಲೈನ್ ಕಟ್ಟಾಯಿತು. ಮೂರನೆಯ ಸುತ್ತು ನಾನೊಬ್ಬಳೇ ಬಂದೆ, ಬೆಂಕಿ ಇಟ್ಟೆ. ಅಷ್ಟು ಅತ್ತದ್ದು ನನ್ನ ಜನ್ಮದಲ್ಲಿ ಇಲ್ಲ.

ತಮ್ಮ ಊರಿಗೆ ಬಂದದ್ದು ಮಳೆಗಾಲ ಶುರುವಾದ ಮೇಲೆ. ಬ್ಯಾಗನ್ನು ಜಗಲಿಯಲ್ಲಿಟ್ಟು, ಚಪ್ಪಲಿ ಕಳಚಿ, ಅಮ್ಮನನ್ನು ಸುಟ್ಟ ಜಾಗಕ್ಕೆ ನಡೆದ. ಅಲ್ಲಿ ಹುಲ್ಲು ಬಂದಿತ್ತು. ತಿರುಗಿ ನನ್ನನ್ನು ಕೇಳಿದ:

"ಅಕ್ಕ, ನನ್ನದು ಇನ್ನೊಂದು ಸುತ್ತು ಬಾಕಿ ಉಂಟು. ಈಗ ಬರಬಹುದಾ?"