ಕೊನೆ ನೋಡದ ಆಟಕ್ಕೆ ಚೀಟಿಯಿಲ್ಲ

ನಿಶಿವಾಕಿಯನ್ನು ನಾನು ಮೊದಲು ಕಂಡ ದಿನ ಒಲೆಯ ಮೇಲೆ ಮೂಲಂಗಿ ಬೇಯುತ್ತಿತ್ತು. ಒಸಾಕಾದ ನಿಪ್ಪೊನ್‌ಬಾಶಿಯ ಹಿಂದಿನ ಓಣಿಯಲ್ಲಿ ನನ್ನದೊಂದು ಗೇಣಗಲದ ಅಂಗಡಿ. ಸಾರಿನಲ್ಲಿ ಬೇಯಿಸಿದ ಮೂಲಂಗಿ, ಮೊಟ್ಟೆ, ಮೀನುಂಡೆ ಮಾರುತ್ತೇನೆ. ಪಕ್ಕದ್ದು ಹತಾನಾಕನ ಅಂಗಡಿ. ಅಲ್ಲಿ ಯಾರೋ ಆಡಿ ಬಿಟ್ಟ ವಿಡಿಯೋ ಗೇಮ್ ಕ್ಯಾಸೆಟ್ಟುಗಳ ವ್ಯಾಪಾರ. ಅಲ್ಲಿಗೆ ಹೊಸದಾಗಿ ಕೆಲಸಕ್ಕೆ ಸೇರಿದ್ದ ಈ ಸಣಕಲ ಬಂದು ಕೂತ, ಮೂಲಂಗಿ ಕೇಳಿದ, ಆಮೇಲೆ ಅಂಗೈಯಗಲದ ಆಟದ ಯಂತ್ರವೊಂದನ್ನು ನನ್ನ ಕಡೆ ಸರಿಸಿದ.

“ಅಮ್ಮಾ, ಸ್ವಲ್ಪ ಇದನ್ನ ಆಡಿ ನೋಡಿ.”

“ಕೈಯೆಲ್ಲಾ ಸಾರು ಕಣಪ್ಪಾ.”

“ಒರೆಸ್ಕೊಳ್ಳಿ. ಏನ್ ಮಾಡ್ಬೇಕು ಅಂತ ಮಾತ್ರ ನಾನು ಹೇಳಲ್ಲ.”

ಬಟನ್ ಒತ್ತಿದೆ. ಪರದೆಯ ಮೇಲಿನ ಪುಟ್ಟ ಮನುಷ್ಯ ಓಡಿದ, ಹಳ್ಳಕ್ಕೆ ಬಿದ್ದ.

“ಅಯ್ಯೋ, ಸತ್ತೇ ಹೋದ್ನಲ್ಲೋ!”

“ತಪ್ಪು ನಿಮ್ದಲ್ಲ. ಮುಂದೆ ಹಳ್ಳ ಇದೆ ಅಂತ ಆಟ ನಿಮಗೆ ತೋರಿಸ್ಲೇ ಇಲ್ಲ,” ಎಂದು ಜೇಬಿನಿಂದ ರಟ್ಟಿನ ಚೀಟಿ ತೆಗೆದು ಏನೋ ಬರೆದ.

ಅದೇ ಅವನ ಕೆಲಸ. ಪ್ರತಿ ಕ್ಯಾಸೆಟ್ಟಿನ ಕೆಳಗೂ ಅದರ ಒಳ್ಳೆಯದು, ಕೆಟ್ಟದ್ದು ಎರಡನ್ನೂ ಕೈಯಲ್ಲಿ ಬರೆದು ಅಂಟಿಸುತ್ತಿದ್ದ. ಚಿಕ್ಕ ಮಕ್ಕಳು ಓದಲಿ ಎಂದು ಸುಲಭದ ಅಕ್ಷರಗಳಲ್ಲೇ ಬರೆಯುತ್ತಿದ್ದುದರಿಂದ ನನಗೂ ಓದಲು ಬರುತ್ತಿತ್ತು. ‘ಸಂಗೀತ ಚೆನ್ನ. ಮೊದಲ ಹಳ್ಳ ಮೋಸ. ಮುಂಗೋಪಿಗಳು ಕೊಳ್ಳಬೇಡಿ.’ ‘ಕತೆ ಸಪ್ಪೆ. ಮೀನು ಹಿಡಿಯುವ ಜಾಗ ಒಂದಕ್ಕೇ ಕೊಳ್ಳಬಹುದು.’

“ಕೊಳ್ಳಬೇಡಿ ಅಂತ ಬರೆಯೋಕೆ ನಾನು ಸಂಬಳ ಕೊಡ್ಬೇಕೇನೋ?” ಎಂದು ಹತಾನಾಕ ಕೂಗಾಡುತ್ತಿದ್ದ.

“ನಿಮ್ಮ ತಲೆಗೂ ಒಂದು ಚೀಟಿ ಬರೀತೀನಿ ಯಜಮಾನ್ರೇ. ಮುಂದೆ ಕೂದಲೇ ಇಲ್ಲ, ಹಿಂದೆ ಪರವಾಗಿಲ್ಲ.”

ಚೀಟಿ ಓದಲೆಂದೇ ದೂರದಿಂದ ಜನ ಬರುತ್ತಿದ್ದರು. ಹಾಗಾಗಿ ಹತಾನಾಕ ಸಹಿಸಿಕೊಂಡ.

ಒಂದು ಚಳಿಗಾಲದ ಮಧ್ಯಾಹ್ನ ನಾನು ಹತಾನಾಕನಿಗೆ ಊಟದ ಬಟ್ಟಲು ಕೊಡಲು ಹೋಗಿದ್ದೆ. ಮಾಸಲು ಕೋಟಿನ ಒಬ್ಬ ಗಿರಾಕಿ ಒಂದೇ ಚೀಟಿಯ ಮುಂದೆ ಬಹಳ ಹೊತ್ತು ನಿಂತಿದ್ದ. ಅದು ಅಂಬಿಗನೊಬ್ಬ ದ್ವೀಪದಿಂದ ದ್ವೀಪಕ್ಕೆ ಜನರನ್ನು ದಾಟಿಸುವ ಆಟ. ‘ಬಹಳ ನಿಧಾನ. ದೋಣಿ ಹೇಳಿದ ಕಡೆ ಹೋಗುವುದಿಲ್ಲ. ಹಣ ದಂಡ.’

“ಇದನ್ನ ಬರೆದೋರು ಯಾರು?” ಎಂದು ಮೆಲ್ಲಗೆ ಕೇಳಿದ.

“ನಾನೇ,” ಎಂದ ನಿಶಿವಾಕಿ.

“ಕೊನೇವರೆಗೂ ಆಡಿದ್ರಾ?”

“ಅರ್ಧ.”

“ದೋಣಿ ಯಾಕೆ ಮಾತು ಕೇಳಲ್ಲ ಅನ್ನೋದು ಕೊನೇಲಿದೆ. ಆಟ ಮಾಡಿದವನು ನಾನು,” ಎಂದು ಸೊಂಟ ಬಗ್ಗಿಸಿ ನಮಸ್ಕರಿಸಿ ಹೊರಟುಹೋದ. ಮತ್ತೆ ಆ ಓಣಿಯಲ್ಲಿ ಅವನನ್ನು ಯಾರೂ ನೋಡಲಿಲ್ಲ.

ನಿಶಿವಾಕಿ ಆ ಚೀಟಿಯನ್ನು ಕಿತ್ತು ಹಾಕಿದ. ಅಂದಿನಿಂದ ಕೊನೆ ನೋಡದೆ ಯಾವ ಆಟಕ್ಕೂ ಚೀಟಿ ಬರೆಯಲಿಲ್ಲ. ಅಂಬಿಗನ ಆಟವನ್ನು ತಾನೇ ಕೊಂಡು, ಊಟದ ಬಿಡುವಿನಲ್ಲಿ ನನ್ನ ಅಂಗಡಿಯಲ್ಲಿ ಕೂತು ವರ್ಷಗಟ್ಟಲೆ ಆಡಿದ. ಕಡೆಯ ಕಡಲಿನಲ್ಲಿ ದೋಣಿ ಮುಳುಗುತ್ತಲೇ ಇತ್ತು.

ಆಮೇಲೆ ಅವನ ಕಣ್ಣು ಕೆಟ್ಟಿತು. ನೋಟ ಅಂಚಿನಿಂದ ಒಳಕ್ಕೆ ಕಪ್ಪಾಗುತ್ತಾ ಬರುತ್ತಿದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದು ವೈದ್ಯರು ಹೇಳಿದರಂತೆ. ಬಟ್ಟಲಲ್ಲಿ ಮೊಟ್ಟೆ ಎಲ್ಲಿದೆ ಎಂದು ಚಾಪ್‌ಸ್ಟಿಕ್ಕಿನಿಂದ ತಡವುತ್ತಿದ್ದ. ಯಂತ್ರವನ್ನು ಮೂಗಿಗೆ ತಗುಲಿಸಿಕೊಂಡೇ ಆಡಿದ.

“ಇನ್ನೊಂದೇ ದ್ವೀಪ ಅಮ್ಮಾ. ಕಣ್ಣು ಅಷ್ಟು ದಿನ ಇದ್ರೆ ಸಾಕು.”

ಆದರೆ ಹಳೆಯ ಕ್ಯಾಸೆಟ್ಟಿನೊಳಗೆ ನಾಣ್ಯದಂಥ ಬ್ಯಾಟರಿಯೊಂದಿರುತ್ತದೆ. ಎಲ್ಲಿಯವರೆಗೆ ಆಡಿದ್ದೇವೆ ಎಂಬುದನ್ನು ಅದೇ ಹಿಡಿದಿಡುವುದು. ಅದು ಸತ್ತರೆ ಎಲ್ಲ ಅಳಿಸಿಹೋಗುತ್ತದೆ. ಅದಕ್ಕೇ ಮೊದಲು ಇನ್ನೊಂದು ಬ್ಯಾಟರಿಯನ್ನು ಆಸರೆಗೆ ಬೆಸೆದು, ಆಮೇಲೆ ಹಳೆಯದನ್ನು ತೆಗೆಯಬೇಕು. ಗಿರಾಕಿಗಳ ಕ್ಯಾಸೆಟ್ಟುಗಳಿಗೆ ಆ ಕೆಲಸವನ್ನು ಅವನು ಹರಟೆ ಹೊಡೆಯುತ್ತಲೇ ಮಾಡಿದವನು. ಈಗ ಅವನ ಅಂಬಿಗನ ಕ್ಯಾಸೆಟ್ಟಿನ ಬ್ಯಾಟರಿಯೇ ಸಾಯುವಂತಿತ್ತು.

“ಬೇರೆ ಯಾರ ಕೈಲಾದ್ರೂ ಮಾಡಿಸೋ,” ಎಂದೆ.

“ಅವರ ಕೈಲಿ ಹಾಳಾದ್ರೆ ಸಾಯೋವರೆಗೂ ಅವರನ್ನ ಬೈಕೊಂಡಿರ್ತೀನಿ. ಬೇಡ ಅಮ್ಮಾ.”

ನನ್ನ ದೀಪದ ಕೆಳಗೇ ಕೂತು ಮಾಡಿದ. ಆಸರೆಯ ತಂತಿ ಹಿಡಿದಿದೆ ಎಂದುಕೊಂಡು ಹಳೆಯದನ್ನು ಎತ್ತಿದ. ತಂತಿ ಹಿಡಿದಿರಲಿಲ್ಲ. ನನಗೂ ಅದು ಆಮೇಲೆಯೇ ಕಂಡದ್ದು. ಕ್ಯಾಸೆಟ್ ಮುಚ್ಚಿ, ಯಂತ್ರಕ್ಕೆ ಹಾಕಿ, ಪರದೆಯನ್ನು ನನ್ನ ಕಡೆ ತಿರುಗಿಸಿದ.

“ಓದಿ.”

“‘ಹೊಸದಾಗಿ ಶುರು ಮಾಡಿ’ ಅಂತಿದೆ.”

“ಅದರ ಕೆಳಗೆ?”

“ಏನೂ ಇಲ್ಲ.”

“ಇನ್ನೊಂದ್ಸಲ ನೋಡಿ.”

“ಏನೂ ಇಲ್ಲ ಕಣಪ್ಪಾ.”

ಅವನು ಬಟ್ಟಲಿನ ಸಾರು ಕುಡಿದು ಮುಗಿಸಿ, ಎಂದಿನಂತೆ ‘ಚೆನ್ನಾಗಿತ್ತು’ ಎಂದ. ಆಮೇಲೆ ನಾನೂ ಆಡಿ ನೋಡಿದೆ. ನನ್ನ ದೋಣಿ ಮೊದಲ ಬಂಡೆಗೇ ಒಡೆಯಿತು. ಎಷ್ಟು ಸಲ ಆಡಿದರೂ ಅಷ್ಟೇ.

“ಚೆನ್ನಾಗಿದೆ ಅಂತ ಬರೆದು ಅಂಟಿಸಿಬಿಡೋ ಮಾರಾಯ. ಮಾಡಿದವನಿಗಾದ್ರೂ ಖುಷಿಯಾಗ್ಲಿ,” ಎಂದ ಹತಾನಾಕ. ಅಂದು ಅವನ ದನಿಯಲ್ಲಿ ಕುಹಕವಿರಲಿಲ್ಲ.

“ಚೆನ್ನಾಗಿಲ್ದೇ ಇದ್ರೆ?” ಎಂದ ನಿಶಿವಾಕಿ.

ವಸಂತದಲ್ಲಿ ಅವನ ಅಕ್ಕ ತೊತ್ತೊರಿಯಿಂದ ಬಂದು ಕರೆದುಕೊಂಡು ಹೋದಳು. ಹೊರಡುವಾಗ ಅವಳ ತೋಳು ಹಿಡಿದು ನನ್ನ ಬಾಗಿಲಿಗೆ ಬಂದ. ಕಟ್ಟೆ ಎಲ್ಲಿದೆಯೆಂದು ತಡವಿ, ಅಂಬಿಗನ ಕ್ಯಾಸೆಟ್ಟನ್ನು ಅದರ ಮೇಲಿಟ್ಟ.

“ಅಮ್ಮಾ, ಆ ಮನುಷ್ಯ ಯಾವತ್ತಾದ್ರೂ ಬಂದ್ರೆ, ನಾನು ಕೊನೆ ನೋಡ್ಲಿಲ್ಲ ಅಂತ ಹೇಳ್ತೀರಾ?”