ಬ್ಯಾಂಡ್ ಮಾವ ಇಟ್ಟ ಹೆಸರು

ನನ್ನ ಸೋದರಮಾವನ ಎಡಗಿವಿಯೊಳಗಿಂದ ಬಿಳಿ ಕೂದಲಿನ ಒಂದು ಸಣ್ಣ ಜುಟ್ಟು ಹೊರಕ್ಕೆ ಬಂದಿರುತ್ತಿತ್ತು. ಬಲಗಿವಿ ಚೊಕ್ಕ. ಎಡಗಿವಿಯದನ್ನು ಮಾತ್ರ ಅವರು ಕ್ಷೌರದವನಿಗೆ ಮುಟ್ಟಲು ಬಿಡುತ್ತಿರಲಿಲ್ಲ. ಏನಾದರೂ ದೊಡ್ಡ ವಿಷಯ ಹೇಳುವಾಗ ಅದನ್ನು ಎರಡು ಬೆರಳಲ್ಲಿ ಹಿಡಿದು ಹುರಿ ಮಾಡುವುದು ಅವರ ಅಭ್ಯಾಸ. ಅವರ ಲೆಕ್ಕದಲ್ಲಿ ಅವರು ಹೇಳುವುದೆಲ್ಲ ದೊಡ್ಡ ವಿಷಯವೇ. ಹಾಗಾಗಿ ಮಾವನನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಮೊದಲು ಬರುವುದು ಆ ಕೂದಲು, ಆಮೇಲೆ ಮುಖ.

ಸಾಗರದಲ್ಲಿ ಅವರದೊಂದು ಬ್ಯಾಂಡ್ ಸೆಟ್ಟಿತ್ತು. ಮದುವೆಗೂ ಸಾವಿಗೂ ಒಂದೇ ಹಾಡು, ಸಾವಿಗಾದರೆ ಸ್ವಲ್ಪ ನಿಧಾನ. ಟ್ರಂಪೆಟ್ ಅವರೇ ಊದುತ್ತಿದ್ದರು. ಮೇಲಿನ ಸ್ವರ ಬರುವ ಹೊತ್ತಿಗೆ ಉಸಿರು ಸಾಲದೆ ಅದರಿಂದ ಬೇರೇನೋ ಸದ್ದು ಹೊರಡುತ್ತಿತ್ತು. ಕೂಡಲೇ ಡ್ರಮ್ಮಿನವನನ್ನು ದುರುಗುಟ್ಟಿ ನೋಡುತ್ತಿದ್ದರು, ತಪ್ಪೆಲ್ಲ ಅವನದೇ ಎನ್ನುವ ಹಾಗೆ. ಕೆಂಪು ಕೋಟು ತೊಟ್ಟರೆ ಎಲ್ಲರೂ ತಮ್ಮನ್ನು ‘ಮಾಸ್ಟರ್’ ಎನ್ನಬೇಕೆಂದು ಅವರಿಗೆ ಆಸೆ. ಜನ ‘ಬ್ಯಾಂಡಿನವ್ರು’ ಎನ್ನುತ್ತಿದ್ದರು, ಊಟಕ್ಕೆ ಕೊನೆಯ ಪಂಕ್ತಿಯಲ್ಲಿ ಕೂರಿಸುತ್ತಿದ್ದರು. ಡಿಜೆ ಬಂದ ಮೇಲೆ ಬ್ಯಾಂಡು ತಾನಾಗಿ ನಿಂತಿತು. ನನಗೇನೂ ಬೇಸರವಾಗಲಿಲ್ಲ.

ಈ ಮನುಷ್ಯ ನನಗೆ ಇಟ್ಟ ಹೆಸರು ಬೆನೋನಿ.

ಹೀಬ್ರೂ ಭಾಷೆಯಲ್ಲಿ ಹಾಗೆಂದರೆ ‘ನನ್ನ ದುಃಖದ ಮಗ’. ಆ ಜನರ ಮೂಲಪುರುಷನೊಬ್ಬ ಸಂಸಾರ ಕಟ್ಟಿಕೊಂಡು ದೂರದ ಊರಿಗೆ ಹೊರಟಿದ್ದಾಗ ದಾರಿಯಲ್ಲೇ ಹೆಂಡತಿಗೆ ಹೆರಿಗೆಯಾಯಿತಂತೆ. ಕಷ್ಟದ ಹೆರಿಗೆ. ಪ್ರಾಣ ಹೋಗುವ ಮೊದಲು ಅವಳು ಮಗುವಿಗೆ ಬೆನೋನಿ ಎಂದು ಹೆಸರಿಟ್ಟಳು. ಗಂಡ ಅದನ್ನು ಒಪ್ಪದೆ ಬೆಂಜಮಿನ್ ಎಂದು ಬದಲಾಯಿಸಿದ. ಬೆಂಜಮಿನ್ ಎಂದರೆ ಬಲಗೈಯ ಮಗ. ಲೋಕ ಗಂಡನ ಮಾತನ್ನೇ ಕೇಳಿತು. ಬೆಂಜಮಿನ್‌ಗಳು ಎಲ್ಲೆಲ್ಲೂ ಹುಟ್ಟಿದರು, ಬೆನೋನಿ ಅಲ್ಲೇ ನಿಂತಿತು. ಎಷ್ಟೋ ಕಾಲದ ಮೇಲೆ, ಇಂಗ್ಲೆಂಡಿನಿಂದ ಕಡಲಾಚೆ ಹೋಗಿ ನೆಲೆಸಿದ ಕೆಲವರು ಹೆರಿಗೆಯಲ್ಲಿ ತಾಯಿ ಸತ್ತ ಮಕ್ಕಳಿಗೆ ಆ ಹೆಸರಿಟ್ಟಿದ್ದುಂಟಂತೆ. ಮುದಿ ಪಾದ್ರಿಯೊಬ್ಬರ ಹಾರ್ಮೋನಿಯಂ ರಿಪೇರಿ ಮಾಡುತ್ತ ಮಾವ ಇಷ್ಟನ್ನು ಕಿವಿಗೆ ಹಾಕಿಕೊಂಡಿದ್ದರು. ಜೀವಮಾನದ ಪಾಂಡಿತ್ಯ ಅಷ್ಟೇ.

ನನ್ನ ಅಮ್ಮನೂ ನನ್ನನ್ನು ಹೆತ್ತು ತೀರಿಕೊಂಡವಳು. ನಮ್ಮ ಕ್ರೈಸ್ತ ಮನೆಗಳಲ್ಲಿ ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರು. ಅದು ಎಲ್ಲರಿಗೂ ಗೊತ್ತಿದ್ದದ್ದೇ, ಚರ್ಚೆ ಮಾಡುವ ಪದ್ಧತಿಯೂ ಇಲ್ಲ. ಜ್ಞಾನಸ್ನಾನದ ದಿನ ತಲೆಗೆ ನೀರು ಹೊಯ್ಯುವ ಮೊದಲು ಪಾದ್ರಿಗಳು ‘ಈ ಮಗುವಿಗೆ ಯಾವ ಹೆಸರು ಕೊಡುತ್ತೀರಿ?’ ಎಂದು ಕೇಳುತ್ತಾರೆ. ಮಗುವನ್ನು ಎತ್ತಿಕೊಂಡ ಜ್ಞಾನತಂದೆ ಉತ್ತರ ಹೇಳಬೇಕು. ಆ ದಿನ ಎತ್ತಿಕೊಂಡವರು ಮಾವ. ಅಜ್ಜನ ಹೆಸರು ಹೇಳಬೇಕಾದವರು ಗಟ್ಟಿ ದನಿಯಲ್ಲಿ ‘ಬೆನೋನಿ’ ಎಂದರು. ಅಪ್ಪ ತಲೆಯೆತ್ತುವುದರೊಳಗೆ ನೀರು ಬಿದ್ದಾಗಿತ್ತು. ಬಿದ್ದ ನೀರನ್ನು ವಾಪಸು ತೆಗೆಯುವುದು ನಮ್ಮ ಮತದಲ್ಲಿಲ್ಲ. ಅಪ್ಪನ ತಾಯಿ ಸಾಯುವವರೆಗೂ ಮಾವನ ಜೊತೆ ಮಾತಾಡಲಿಲ್ಲ. ಬುದ್ಧಿವಂತೆ.

ಅಪ್ಪ ನನ್ನನ್ನು ಬೆನ್ನಿ ಎಂದು ಕರೆದು ಆ ಹೆಸರನ್ನು ಹೇಗೋ ಮುಚ್ಚಿದರು. ಅವರು ಬೇಗ ಮರುಮದುವೆಯಾದರು. ಚಿಕ್ಕಮ್ಮ ಒಳ್ಳೆಯವಳೇ, ನನಗೆ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಶಾಲೆಯಲ್ಲಿ, ಬೀದಿಯಲ್ಲಿ, ಎಲ್ಲ ಕಡೆಗೂ ನಾನು ಬೆನ್ನಿ. ಮಾವ ಸಿಕ್ಕಿದರೆ ಮಾತ್ರ ಮುಗಿಯಿತು. ಮದುವೆಮನೆಯ ಚಪ್ಪರದಲ್ಲಿ ನನ್ನ ತೋಳು ಹಿಡಿದು ಎಳೆದು ಯಾರ ಮುಂದಾದರೂ ನಿಲ್ಲಿಸುತ್ತಿದ್ದರು.

“ಇವನ ಹೆಸರು ಕೇಳಿ. ಕೇಳಿ ಅಂತೀನಿ. ಪೀಟರು, ಜೋಸೆಫು ಬೇಕಾದಷ್ಟಿದಾರೆ. ಸಾಗರದಿಂದ ಆಗುಂಬೆವರೆಗೆ ಹುಡ್ಕಿ, ಇನ್ನೊಬ್ಬ ಬೆನೋನಿ ಸಿಕ್ರೆ ನನ್ನ ಈ ಕೋಟು ಬಿಚ್ಚಿ ಕೊಡ್ತೀನಿ.”

ಆ ಬೆವರಿನ ಕೋಟು ಯಾರಿಗೂ ಬೇಕಿರಲಿಲ್ಲ. ಆದರೂ ಅವರು ಬಿಡುತ್ತಿರಲಿಲ್ಲ. ಕೈ ಕಿವಿಗೆ ಹೋಗುತ್ತಿತ್ತು. ಆ ದಾರಿ, ಆ ಹೆರಿಗೆ, ಆ ಸಾವು, ಹೆಸರು ಬದಲಾಯಿಸಿದ ಗಂಡ, ಎಲ್ಲ ಆಗಿ ಕೊನೆಗೆ, “ಇವನ ತಾಯಿನೂ ಹಂಗೇ ಹೋದ್ಲು, ನನ್ನ ತಂಗಿ” ಎಂಬಲ್ಲಿಗೆ ಮುಗಿಯುತ್ತಿತ್ತು. ಕೇಳಿದವರು ನನ್ನತ್ತ ಅಯ್ಯೋ ಪಾಪ ಎಂದು ನೋಡುತ್ತಿದ್ದರು. ಒಮ್ಮೆ ಸಿಗಂದೂರಿನ ಲಾಂಚಿನಲ್ಲಿ, ಹರಕೆ ತೀರಿಸಲು ಹೊರಟ ಅಪರಿಚಿತರಿಗೆ ಹಿನ್ನೀರು ದಾಟುವವರೆಗೂ ಹೇಳಿದರು. ನೀರಿನ ನಡುವೆ ಅವರಾದರೂ ಎಲ್ಲಿಗೆ ಓಡಿಹೋಗಬೇಕು? ನನಗಂತೂ ಹಾರಿಬಿಡೋಣ ಅನ್ನಿಸಿತ್ತು.

ಅಪರೂಪದ ಹೆಸರಿನ ಮೇಲೆ ನನಗಿರುವ ತಾತ್ಸಾರ ಅಲ್ಲಿಂದ ಬಂದದ್ದು. ಈಗ ಹೊಸನಗರದಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿಯಿದೆ. ನಾಮಕರಣದ ಫ್ಲೆಕ್ಸಿಗೆ ಬರುವ ಗಂಡಹೆಂಡಿರೆಲ್ಲ ಯಾರೂ ಇಡದ ಹೆಸರನ್ನೇ ಹುಡುಕಿ ತಂದಿರುತ್ತಾರೆ. ಅದೇ ವಾರ ರಿಪ್ಪನ್‌ಪೇಟೆಯಿಂದ ಇನ್ನೊಂದು ಜೋಡಿ ಅದೇ ಹೆಸರು ಹಿಡಿದುಕೊಂಡು ಬರುತ್ತದೆ. ಹಳೆಯ ಫೈಲನ್ನೇ ತೆಗೆದು ಮಗುವಿನ ಫೋಟೋ ಬದಲಾಯಿಸಿದರೆ ನನ್ನ ಕೆಲಸ ಮುಗಿಯಿತು. ಅರ್ಥವೇನೆಂದು ಕೇಳಿದರೆ ಮೊಬೈಲ್ ತೆಗೆಯುತ್ತಾರೆ. ಹೆತ್ತವರಿಗೇ ಬಾಯಿಗೆ ಬಾರದ ಅರ್ಥವನ್ನು ಆ ಮಗು ಕಟ್ಟಿಕೊಂಡು ಏನು ಮಾಡಬೇಕೋ.

ನನಗೆ ತೀರ್ಥಹಳ್ಳಿಯಲ್ಲಿ ಹೆಣ್ಣು ಗೊತ್ತಾಗುವುದರಲ್ಲಿತ್ತು. ಹುಡುಗಿ ಅಲ್ಲೇ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ನಾವಿಬ್ಬರೂ ಮಾತಾಡಿ ಒಪ್ಪಿಕೊಂಡಿದ್ದೆವು. ಅಷ್ಟರಲ್ಲಿ ಅಪ್ಪ ತೀರಿಕೊಂಡಿದ್ದರಿಂದ ಹಿರಿಯರೆಂದು ಮಾವನನ್ನು ಕರೆದುಕೊಂಡು ಹೋಗಬೇಕಾಯಿತು. ದಾರಿಯುದ್ದಕ್ಕೂ, ಬಾಯಿ ಬಿಡಬೇಡಿ ಎಂದು ಹೇಳಿಕೊಂಡೇ ಹೋಗಿದ್ದೆ. ಚಹಾ ಬಂತು, ಕೋಡುಬಳೆ ಬಂತು, ಎಲ್ಲ ಚೆನ್ನಾಗಿಯೇ ನಡೆದಿತ್ತು. ಹುಡುಗಿಯ ಅಪ್ಪ ಸುಮ್ಮನೆ ಮಾತಿಗೆಂದು, “ಬೆನ್ನಿ ಅಂದ್ರೆ ಬೆಂಜಮಿನ್ ಅಲ್ವಾ?” ಎಂದು ಕೇಳಿದರು. ಹೌದು ಎನ್ನಲು ನಾನು ಬಾಯಿ ತೆರೆದಿದ್ದೆ. ಮಾವನ ಕೈ ಕಿವಿಗೆ ಹೋಯಿತು.

ಎಲ್ಲವನ್ನೂ ಹೇಳಿದರು. ಮಗಳನ್ನು ಕೊಡಬೇಕಾದವರ ಮನೆಯಲ್ಲಿ ಕೂತು, ಹೆತ್ತ ಕೂಡಲೇ ಸತ್ತವಳ ಕಥೆ. ಹುಡುಗಿಯ ಅಮ್ಮ ಎದ್ದು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ.

ಮರುದಿನ ಅವಳ ಅಪ್ಪ ಫೋನ್ ಮಾಡಿದರು. “ತಪ್ಪು ತಿಳ್ಕೋಬೇಡಿ. ಆ ಹೆಸರು ಹೊತ್ತ ಮನೆಗೆ ಹುಡುಗಿ ಕೊಡಕ್ಕೆ ನಮ್ಮನೆಯವಳಿಗೆ ಹೆದರಿಕೆ. ಬೆಂಜಮಿನ್ ಅಂತ ಬದಲಾಯ್ಸ್ಕೊಳ್ಳಿ. ಮತ್ತೆ ಆ ನಿಮ್ಮ ಮಾವ ಮದುವೆಗೆ ಬರದು ಬೇಡ.”

ಎರಡಕ್ಕೂ ಸಂತೋಷದಿಂದ ಒಪ್ಪಿದೆ. ಎರಡೂ ನಾನು ಬಹಳ ದಿನದಿಂದ ಬಯಸಿದ್ದೇ.

ಇದನ್ನು ಮಾವನ ಮುಖಕ್ಕೇ ಹೇಳಬೇಕೆಂದು ಸಾಗರದ ಬಸ್ಸು ಹತ್ತಿದೆ. ಅವರು ಜಗಲಿಯಲ್ಲಿ ಕೂತು, ಯಾರೂ ಕರೆಯದ ಟ್ರಂಪೆಟ್ಟನ್ನು ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದರು. ಚಪ್ಪಲಿಯನ್ನೂ ಬಿಡದೆ ಹೇಳಿದೆ.

“ಹೆಸರು ಬದಲಾಯಿಸ್ತಿದೀನಿ. ಬೆಂಜಮಿನ್ ಅಂತ. ನೀವು ಮದುವೆಗೆ ಬರಬಾರದಂತೆ.”

ಈ ಸಲ ಅವರ ಕೈ ಕಿವಿಗೆ ಹೋಗಲಿಲ್ಲ. ಉಜ್ಜುವುದನ್ನು ನಿಲ್ಲಿಸಿ ಕೇಳಿದರು, “ನಿಮ್ಮನೇಲಿ ನಿನ್ನ ಅಮ್ಮನ ಫೋಟೋ ಉಂಟಾ?”

“ಇಲ್ಲ.”

“ಅವಳ ಸುದ್ದಿ ಯಾರಾದ್ರೂ ಎತ್ತಿದ್ದು ಉಂಟಾ?”

ಯಾರೂ ಎತ್ತಿದ್ದಿಲ್ಲ.

“ಅವಳನ್ನ ಮಣ್ಣು ಮಾಡಿ ಬರದ್ರೊಳಗೆ ಅವಳ ಟ್ರಂಕು ಜಗಲಿಗೆ ಬಂದಿತ್ತು, ತಗಂಡು ಹೋಗು ಅಂತ. ನಿನ್ನಪ್ಪ ಕೆಟ್ಟವನಲ್ಲ, ಅವನಿಗೆ ನೋಡಕ್ಕೆ ಆಗ್ತಿರ್ಲಿಲ್ಲ. ಜ್ಞಾನಸ್ನಾನದ ದಿನ ಇಡೀ ಮನೆ ತುಂಬಾ ಜನ. ಒಬ್ರೂ ಅವಳ ಹೆಸರು ಹೇಳ್ಲಿಲ್ಲ. ನಾನು ಬ್ಯಾಂಡಿನವ, ನನ್ನ ಮಾತು ಯಾರು ಕೇಳ್ತಾರೆ? ಆ ಒಂದು ಪ್ರಶ್ನೆಗೆ ಮಾತ್ರ ನಾನೇ ಉತ್ತರ ಹೇಳ್ಬೇಕಿತ್ತು. ಹೇಳ್ದೆ.” ಟ್ರಂಪೆಟ್ಟನ್ನು ಮತ್ತೆ ಉಜ್ಜತೊಡಗಿ, “ಇದೆಂತ ಹೆಸರು ಅಂತ ಯಾರಾದ್ರೂ ಕೇಳಿದ್ರೆ ಅವಳ ಸುದ್ದಿ ಬರ್ಲೇಬೇಕಲ್ಲ ಮಾರಾಯ” ಎಂದರು.

ನನಗೆ ಬಂದದ್ದು ಸಿಟ್ಟು. ಲಾಂಚಿನಲ್ಲಿ ಸಿಕ್ಕವರಿಗೆಲ್ಲ ಊರುದ್ದ ಪುರಾಣ ಹೇಳಿದ ಈ ಬಾಯಿಬಡುಕನಿಗೆ ಇದೊಂದು ಮಾತನ್ನು ನನ್ನೊಬ್ಬನಿಗೆ ಹೇಳಲು ಇಷ್ಟು ವರ್ಷ ಬೇಕಾಯಿತು. ಅಳುವೂ ಬಂತು. ಅವರ ಮುಂದೆ ಅಳು ಬಂದದ್ದಕ್ಕೆ ಇನ್ನೂ ಸಿಟ್ಟು ಬಂತು. ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕೂತೆ.

“ಅಮ್ಮ ಹೇಗಿದ್ಲು?” ಎಂದು ಕೇಳಿದೆ. ಅದುವರೆಗೆ ನಾನು ಯಾರನ್ನೂ ಹಾಗೆ ಕೇಳಿದವನಲ್ಲ.

“ಜೋರಿನವ್ಳು. ನಾನು ಊದಕ್ಕೆ ಶುರು ಮಾಡಿದ್ರೆ ಕಿವಿ ಮುಚ್ಕಂಡು ಒಳಗೆ ಹೋಗ್ತಿದ್ಲು. ಎಮ್ಮೆ ಕರು ಹಾಕ್ದಂಗೆ ಕೇಳ್ತದೆ ಅಂತಿದ್ಲು.”

ನನ್ನ ಅಮ್ಮನ ಬಗ್ಗೆ ನನಗೆ ಮೊದಲು ಗೊತ್ತಾದ ಸಂಗತಿ ಇದು. ಅವಳಿಗೆ ಸಂಗೀತ ತಿಳಿಯುತ್ತಿತ್ತು. ಆ ಸಂಜೆ ಮಾವ ಮಾತು ನಿಲ್ಲಿಸಲು ನಾನೇ ಬಿಡಲಿಲ್ಲ.

ಹೊಸನಗರಕ್ಕೆ ವಾಪಸಾದವನು ಹುಡುಗಿಯ ಅಪ್ಪನಿಗೆ ಫೋನ್ ಮಾಡಿ, ಹೆಸರು ಬದಲಾಯಿಸುವುದಿಲ್ಲ, ಮಾವ ಮದುವೆಗೆ ಬರುತ್ತಾರೆ ಎಂದೆ. ಅವರು ಫೋನ್ ಇಟ್ಟರು. ಮುಗಿಯಿತು ಎಂದುಕೊಂಡೆ. ಒಂದು ವಾರ ಅಂಗಡಿಯಲ್ಲಿ ಯಾರದೋ ಮದುವೆಯ ಫ್ಲೆಕ್ಸಿಗೆ ಯಾರದೋ ಹೆಸರು ಹಾಕಿ ಬೈಸಿಕೊಂಡೆ. ಆಮೇಲೆ ಹುಡುಗಿಯೇ ಫೋನ್ ಮಾಡಿದಳು.

“ನಿಮ್ಮಮ್ಮನ ವಿಷ್ಯ ನೀವೇ ಮೊದ್ಲು ಹೇಳ್ಬಹುದಿತ್ತು. ಆ ನಿಮ್ಮ ಮಾವನ ಬಾಯಲ್ಲಿ ಕೇಳ್ಬೇಕಾಯ್ತು. ಅಪ್ಪಂಗೆ ನಾನು ಹೇಳ್ತೀನಿ, ಸ್ವಲ್ಪ ದಿನ ಸುಮ್ನಿರಿ.”

ಒಂದು ಮಳೆಗಾಲ ಪೂರ್ತಿ ಸುಮ್ಮನಿದ್ದೆ. ತನ್ನ ಅಮ್ಮನನ್ನು ಒಪ್ಪಿಸಲು ಅವಳಿಗೆ ಅಷ್ಟು ಕಾಲ ಹಿಡಿಯಿತು. ಮದುವೆಗೆ ಮೊದಲು ಇಗರ್ಜಿಯಲ್ಲಿ ಪಾದ್ರಿಗಳು ವಧೂವರರ ಹೆಸರು ಸಾರುವಾಗ ನನ್ನದನ್ನು ಪೂರ್ತಿ ಬೆನೋನಿ ಎಂದೇ ಓದಿದರು. ಮಾವ ಕೆಂಪು ಕೋಟು ತೊಟ್ಟು ಬಂದರು. ಯಾರೂ ಕೇಳದಿದ್ದರೂ ಟ್ರಂಪೆಟ್ ಊದಿದರು. ನನ್ನ ಅಮ್ಮ ಹೇಳಿದ್ದು ಸರಿಯಾಗಿಯೇ ಇತ್ತು.

ಈ ವರ್ಷ ಅವರು ಹಾಸಿಗೆ ಹಿಡಿದರು. ಶ್ವಾಸಕೋಶ ಕೈಕೊಟ್ಟಿತ್ತು. ಭಾನುವಾರಗಳಂದು ಹೋಗಿ ಗಂಜಿ ಕುಡಿಸಿ ಬರುತ್ತಿದ್ದೆ. ಒಂದು ದಿನ ಚಮಚ ತಡೆದು ಹೇಳಿದರು, “ಇನ್ನು ಬೆಂಜಮಿನ್ ಅಂತ ಮಾಡ್ಕೋ. ಅವಳನ್ನ ಕಂಡೋರಲ್ಲಿ ನಾನೊಬ್ಬ ಉಳ್ದಿದ್ದು, ನಾನೂ ಹೊರಟೆ. ಇನ್ನು ಆ ಹೆಸರು ಯಾರಿಗೆ ಬೇಕು?”

“ನಂಗೆ ಬೇಕು. ಬಾಯಿ ಮುಚ್ಚಿ ಗಂಜಿ ಕುಡೀರಿ” ಎಂದೆ.

“ಬಾಯಿ ಮುಚ್ಚಿದ್ರೆ ಗಂಜಿ ಹೆಂಗೆ ಕುಡಿಯದು?” ಎಂದರು. ಮುಂದಿನ ಭಾನುವಾರ ಬರುವುದರೊಳಗೆ ತೀರಿಕೊಂಡಿದ್ದರು.

ಮಣ್ಣು ಮಾಡುವ ಮೊದಲು ಪಾದ್ರಿಗಳು, ತೀರಿಕೊಂಡವರ ಬಗ್ಗೆ ಯಾರಾದರೂ ಎರಡು ಮಾತಾಡುತ್ತೀರಾ ಎಂದು ಕೇಳಿದರು. ಯಾರೂ ಏಳಲಿಲ್ಲ. ಒಳ್ಳೆಯ ಮಾತು ಹುಡುಕಬೇಕಾದ ಮನುಷ್ಯ, ಅವರದೂ ತಪ್ಪಲ್ಲ. ನಾನು ಎದ್ದು ಹೋಗಿ ಮೈಕ್ ಹಿಡಿದೆ. ನನ್ನ ಹೆಸರು ಬೆನೋನಿ ಎಂದು ಶುರು ಮಾಡಿದೆ. ಆ ದಾರಿ, ಆ ಹೆರಿಗೆ, ಹೆಸರು ಬದಲಾಯಿಸಿದ ಗಂಡ, ನನ್ನ ಅಮ್ಮ, ಅವಳು ಕಿವಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದದ್ದು, ಯಾವುದನ್ನೂ ಬಿಡಲಿಲ್ಲ. ಮುಂದಿನ ಬೆಂಚಿನವರು ವಾಚು ನೋಡಿಕೊಂಡರು. ನಾನು ನಿಲ್ಲಿಸಲಿಲ್ಲ. ಅವಳ ಸುದ್ದಿ ಎತ್ತಲು ಇನ್ನು ಬೇರೆ ಯಾರೂ ಇರಲಿಲ್ಲ.